ಕಿರುತೆರೆಯ ಗುಟ್ಟು, ಮನೆಯ ಗುಟ್ಟು

ಭಾಲ್ಕಿ ತಾಲೂಕಿನ ಮೆಹಕರ ಕನ್ನಡ ನಾಡಿನ ಅಂಚಿನಲ್ಲಿರುವ ಊರು. ಮಹಾರಾಷ್ಟ್ರದ ಸೀಮೆ ಇಲ್ಲಿಗೆ ಸಮೀಪ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಹಿರಿಯರ ಹಳೆಯ ಕಾಗದಪತ್ರಗಳಲ್ಲಿ ಉರ್ದು. ಹೀಗೆ ಮೂರು ಭಾಷೆಗಳ ನೆರಳಿನಲ್ಲಿ ಬೆಳೆದ ಜನ ಇವರು. 2021ರ ದೀಪಾವಳಿಯ ವೇಳೆಗೆ ಆ ಊರಿನ ಬಂಧುಗಳ ಮನೆಯಲ್ಲಿ ಎರಡು ದಿನ ಉಳಿಯುವ ಪ್ರಸಂಗ ಬಂದಿತ್ತು. ಸಂಜೆ ದೀಪ ಹಚ್ಚಿ, ವಿಭೂತಿ ಧರಿಸಿ, ಪೂಜೆ ಮುಗಿಸಿದ ಮೇಲೆ ಮನೆಯ ಹೆಣ್ಣುಮಕ್ಕಳೆಲ್ಲರೂ ಪಡಸಾಲೆಯ ದೂರದರ್ಶನದ ಮುಂದೆ ಕೂಡಿದರು. ರೊಟ್ಟಿ ಬಡಿಯುವ ಕೆಲಸ ಅರ್ಧ ಗಂಟೆ ಹಿಂದಕ್ಕೆ ಹೋಯಿತು. ಮೊದಲು ಒಂದು ಮರಾಠಿ ಧಾರಾವಾಹಿ, ಅದರ ಬೆನ್ನಿಗೆ ಒಂದು ಕನ್ನಡ ಧಾರಾವಾಹಿ.

ಆ ದಿನದ ಕಂತಿನಲ್ಲಿ ನಾಯಕಿಗೆ ತಿಳಿಯಬೇಕಾದ ಒಂದು ಸತ್ಯವಿತ್ತು. ಅದು ಮನೆಯ ಎಲ್ಲರಿಗೂ ಗೊತ್ತು, ನೋಡುವ ನಮಗೂ ಗೊತ್ತು, ಅವಳೊಬ್ಬಳಿಗೆ ಮಾತ್ರ ಗೊತ್ತಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ತಾಳ್ಮೆಗೆಟ್ಟು, "ಆಯಿ, ಅಕಿಗಿ ಯಾರರೆ ಖರೇ ಹೇಳಬಾರ್ದೇನು?" ಎಂದಳು. ಎಂಬತ್ತರ ಸಮೀಪದ ಅಜ್ಜಿ ಅಡಕೆ ಕತ್ತರಿಸುತ್ತಲೇ, "ಖರೇ ಹೇಳಿಬಿಟ್ರ ಇವತ್ತೇ ಮುಗೀತದಲ್ಲ ಕತಿ. ನಾಳಿ ಏನ್ ತೋರಿಸ್ಬೇಕವರು?" ಎಂದರು. ಎಲ್ಲರೂ ನಕ್ಕರು. ಧಾರಾವಾಹಿಯ ವ್ಯಾಪಾರದ ಮರ್ಮವನ್ನೆಲ್ಲ ಆ ತಾಯಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಧಾರಾವಾಹಿ ಬಂದ ದಾರಿ

ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದದ್ದು ಕಥೆ ಹೇಳುವುದಕ್ಕಲ್ಲ, ಒಕ್ಕಲುತನ ಮತ್ತು ಆರೋಗ್ಯದ ತಿಳಿವಳಿಕೆ ನೀಡುವುದಕ್ಕೆ. 1975-76ರಲ್ಲಿ ನಡೆದ ಉಪಗ್ರಹ ಪ್ರಯೋಗದಲ್ಲಿ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪೆಟ್ಟಿಗೆಗಳನ್ನು ಕೊಡಲಾಯಿತು. ಕರ್ನಾಟಕದ ಪಾಲಿಗೆ ಆಯ್ಕೆಯಾದವು ನಮ್ಮ ನೆರೆಯ ಅಂದಿನ ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಊರಿಗೆಲ್ಲ ಒಂದೇ ಪೆಟ್ಟಿಗೆ. ಜನ ಅದರ ಮುಂದೆ ಜಾತ್ರೆಯಂತೆ ಸೇರಿ ನೋಡುತ್ತಿದ್ದರು.

ಭಾರತದ ಮೊದಲ ದೊಡ್ಡ ಧಾರಾವಾಹಿ 'ಹಮ್ ಲೋಗ್' 1984ರ ಜುಲೈ 7ರಂದು ಆರಂಭವಾಯಿತು. ಮನೋಹರ ಶ್ಯಾಮ ಜೋಶಿಯವರು ಅದರ ಲೇಖಕರು. ಮೆಕ್ಸಿಕೋ ದೇಶದಲ್ಲಿ ಕುಟುಂಬ ಯೋಜನೆ, ಸಾಕ್ಷರತೆ ಮುಂತಾದ ವಿಷಯಗಳನ್ನು ಕಥೆಯ ಮೂಲಕ ಜನರಿಗೆ ಮುಟ್ಟಿಸಿದ್ದನ್ನು ಕಂಡು ನಮ್ಮ ಸರಕಾರವೂ ಅದೇ ಮಾರ್ಗ ಹಿಡಿದಿತ್ತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ ಕುಮಾರರು ತೆರೆಯ ಮೇಲೆ ಬಂದು, ಮನೆಯ ಯಜಮಾನರಂತೆ ನಾಲ್ಕು ಹಿತವಚನ ಹೇಳುತ್ತಿದ್ದರು. ಅವರಿಗೆ ಲಕ್ಷಗಟ್ಟಲೆ ಕಾಗದಗಳು ಬಂದವು. ಕಥೆಯ ಮನೆಯನ್ನು ಜನ ತಮ್ಮ ಮನೆಯೆಂದೇ ಬಗೆದರು.

ಕನ್ನಡದಲ್ಲಿ 1998ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ 'ಮಾಯಾಮೃಗ' ಹೊಸ ದಾರಿ ತೆರೆಯಿತು. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅದನ್ನು ನಿರ್ದೇಶಿಸಿದರು. ನಿತ್ಯವೂ ಕಥೆ ಮುಂದುವರಿಯುವ ರೂಢಿ ಕನ್ನಡದ ಮನೆಗಳಲ್ಲಿ ಬೇರೂರಿದ್ದು ಅದರಿಂದಲೇ ಎನ್ನಬಹುದು. ಅದಕ್ಕೂ ಮುಂಚೆ 1994ರಲ್ಲಿ ಉದಯ ಟೀವಿ ಬಂದಿತ್ತು. 2000ದಲ್ಲಿ ಈಟೀವಿ ಕನ್ನಡ, 2006ರಲ್ಲಿ ಝೀ ಕನ್ನಡ ಬಂದವು. ಅತ್ತ ಹಿಂದಿಯಲ್ಲಿ 2000ದ ಜುಲೈ 3ರಂದು ಆರಂಭವಾದ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' 2008ರವರೆಗೆ 1,800ಕ್ಕೂ ಹೆಚ್ಚು ಕಂತುಗಳಷ್ಟು ಬೆಳೆಯಿತು. ಸತ್ತನೆಂದು ತಿಳಿದ ಗಂಡ ಮರಳಿ ಬರುವುದು, ಅವನಿಗೆ ಹಿಂದಿನದೆಲ್ಲ ಮರೆತುಹೋಗಿರುವುದು, ಬೇರೊಬ್ಬ ಹೆಣ್ಣಿನಲ್ಲಿ ಅವನಿಗೆ ಹುಟ್ಟಿದ ಮಗ ಎಷ್ಟೋ ವರ್ಷಗಳ ನಂತರ ಮನೆಯ ಬಾಗಿಲಿಗೆ ಬರುವುದು. ಈ ಬಗೆಯ ತಿರುವುಗಳು ದೇಶದ ಎಲ್ಲ ಭಾಷೆಗಳ ಧಾರಾವಾಹಿಗಳಿಗೂ ಮಾದರಿಯಾದವು.

ಮರಾಠಿಯ ಗುಟ್ಟು ಕನ್ನಡಕ್ಕೆ ಬಂದಾಗ

ಮೆಹಕರದಂಥ ಗಡಿ ಊರಿನವರಿಗೆ ಒಂದು ವಿಚಿತ್ರ ಅನುಭವವಿದೆ. ಒಂದೇ ಗುಟ್ಟನ್ನು ಅವರು ಎರಡು ಸಲ, ಎರಡು ಭಾಷೆಗಳಲ್ಲಿ ಕಾಣುತ್ತಾರೆ. 2018ರ ಆಗಸ್ಟಿನಲ್ಲಿ ಝೀ ಮರಾಠಿಯಲ್ಲಿ 'ತುಲಾ ಪಾಹತೇ ರೇ' ಆರಂಭವಾಯಿತು. ನಡುವಯಸ್ಸಿನ ಸಿರಿವಂತ ಉದ್ಯಮಿಯನ್ನು ಬಡ ಮಧ್ಯಮ ವರ್ಗದ ಎಳೆಯ ಹುಡುಗಿ ಪ್ರೀತಿಸುವ ಕಥೆ. ಸುಬೋಧ ಭಾವೆಯವರು ನಾಯಕ. ಮದುವೆಯವರೆಗೆ ಇದು ವಯಸ್ಸಿನ ಅಂತರದ ಪ್ರೇಮಕಥೆ. ಮುಂದೆ ಅದು ರಾಜನಂದಿನಿ ಎಂಬ ಮೊದಲ ಹೆಂಡತಿಯ ಸಾವಿನ ಕಥೆಯಾಗುತ್ತದೆ. ಪ್ರೇಮಮೂರ್ತಿಯೆಂದು ನಾವು ನಂಬಿದ್ದ ನಾಯಕನ ಹೆಸರೇ ನಿಜವಲ್ಲ. ಹೆಂಡತಿಯ ಸಾವಿಗೆ ಅವನ ಕೈಯೇ ಕಾರಣ. ಆ ಸತ್ತ ಹೆಣ್ಣೇ ಈಗಿನ ಹೆಂಡತಿಯಾಗಿ ಮರುಹುಟ್ಟು ಪಡೆದಿದ್ದಾಳೆಂಬುದು ಕಥೆಯ ತಿರುವು.

ಇದೇ ಕಥೆಯನ್ನು ಆಧರಿಸಿ 2019ರ ಸೆಪ್ಟೆಂಬರಿನಲ್ಲಿ ಝೀ ಕನ್ನಡದಲ್ಲಿ 'ಜೊತೆ ಜೊತೆಯಲಿ' ಆರಂಭವಾಯಿತು. ಆರೂರು ಜಗದೀಶರ ನಿರ್ದೇಶನ; ಆರ್ಯವರ್ಧನನಾಗಿ ಅನಿರುದ್ಧ, ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ಆಗಿನ್ನೂ ಕನ್ನಡದಲ್ಲಿ ಪರಭಾಷೆಯ ಧಾರಾವಾಹಿಗಳಿಗೆ ಕನ್ನಡದ ಮಾತು ಕೂಡಿಸಿ ತೋರಿಸುವ ರೂಢಿ ಬಲಿತಿರಲಿಲ್ಲ. ಅದು ಹೆಚ್ಚಿದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಆದ್ದರಿಂದ ಪರಭಾಷೆಯ ಕಥೆಯಾದರೂ ನಮ್ಮ ನಟರು ನಮ್ಮ ನುಡಿಯಲ್ಲಿ ಅದನ್ನು ಹೊಸದಾಗಿ ಕಟ್ಟುತ್ತಿದ್ದರು. ಮರಾಠಿಯಲ್ಲಿ ಒಂದು ವರ್ಷದೊಳಗೆ, 2019ರ ಜುಲೈನಲ್ಲಿ, ಮುಗಿದ ಕಥೆ ಕನ್ನಡದಲ್ಲಿ 2023ರವರೆಗೆ ನಡೆಯಿತು. ಮೆಹಕರದ ಆ ಪಡಸಾಲೆಯಲ್ಲಿ ಕುಳಿತವರಿಗೆ ಗುಟ್ಟು ಮೊದಲೇ ಗೊತ್ತಿತ್ತು. ಆದರೂ ಬಿಡದೆ ನೋಡಿದರು. "ಗೊತ್ತಿದ್ದ ಮ್ಯಾಲ ಯಾಕ ನೋಡ್ತೀರಿ ವೈನಿ?" ಎಂದು ಕೇಳಿದರೆ, "ಅಕಿಗಿ ಗೊತ್ತಾದಾಗ ಏನ್ ಮಾಡ್ತಾಳ ನೋಡ್ಬೇಕಲ್ಲ" ಎಂಬ ಉತ್ತರ ಬಂತು.

ಈ ಉತ್ತರ ವಿಚಾರಕ್ಕೆ ಯೋಗ್ಯವಾದದ್ದು. ನೋಡುವವರಿಗೆ ಬೇಕಾದುದು ಗುಟ್ಟಲ್ಲ, ಗುಟ್ಟು ಒಡೆದ ಗಳಿಗೆಯಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬುದು. 2013ರಿಂದ 2020ರವರೆಗೆ ನಡೆದ 'ಅಗ್ನಿಸಾಕ್ಷಿ'ಯ ಚಂದ್ರಿಕಾ ಹೊರಗೆ ನಗುಮುಖದ ಹಿರಿಯ ಸೊಸೆ, ಒಳಗೆ ಹಗೆಯ ಕೆಂಡ. 2021ರ ಡಿಸೆಂಬರಿನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ತಾಯಿಯಾಗಿ ಉಮಾಶ್ರೀಯವರು ನಟಿಸಿದರು. ಅಲ್ಲಿ ಕಂಠಿ ಎಂಬ ಹುಡುಗ ತಾನು ಬಡ್ಡಿ ಬಂಗಾರಮ್ಮನ ಮಗನೆಂಬುದನ್ನು ಮುಚ್ಚಿಟ್ಟು, ಬಡ್ಡಿ ವ್ಯವಹಾರವನ್ನು ದ್ವೇಷಿಸುವ ಸ್ನೇಹಾಳನ್ನು ಪ್ರೀತಿಸುತ್ತಾನೆ. ಮನಸ್ಸು ಒಳ್ಳೆಯದು, ಪ್ರೀತಿ ನಿಜ. ಆದರೆ ನಿಂತ ನೆಲ ಸುಳ್ಳು. ಸತ್ಯ ಹೇಳಿದರೆ ಅವಳು ದೂರವಾದಾಳೆಂಬ ಅಂಜಿಕೆಯಿಂದ ಒಂದು ದಿನ ಮುಂದೂಡಿದ ಮಾತು ನೂರು ದಿನ ಮುಂದಕ್ಕೆ ಹೋಗುತ್ತದೆ.

ಗುಟ್ಟು ಒಡೆಯದಿರುವುದೇಕೆ?

ಧಾರಾವಾಹಿ ಎಂಬುದು ಮೂಲದಲ್ಲಿಯೇ ವ್ಯಾಪಾರದ ಕೂಸು. 1930ರ ದಶಕದಲ್ಲಿ ಅಮೆರಿಕದ ರೇಡಿಯೋಗಳಲ್ಲಿ ಹಗಲು ಹೊತ್ತು ಮನೆಯಲ್ಲಿರುವ ಗೃಹಿಣಿಯರಿಗಾಗಿ ಇಂಥ ಕಥೆಗಳು ಬರುತ್ತಿದ್ದವು. ಸಾಬೂನು ಮಾರುವ ಕಂಪನಿಗಳು ಅವಕ್ಕೆ ಹಣ ಕೊಡುತ್ತಿದ್ದುದರಿಂದ 'ಸೋಪ್ ಒಪೆರಾ' ಎಂಬ ಹೆಸರೇ ಬಂತು. 1937ರಲ್ಲಿ ರೇಡಿಯೋದಲ್ಲಿ ಆರಂಭವಾದ 'ಗೈಡಿಂಗ್ ಲೈಟ್' ಎಂಬುದು ಮುಂದೆ ಟೀವಿಗೆ ಬಂದು 2009ರವರೆಗೆ, ಅಂದರೆ 72 ವರ್ಷ ನಡೆಯಿತು. ಇಂದು ನಮ್ಮ ದೇಶದಲ್ಲಿಯೂ ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರೆಂಬ ಎಣಿಕೆ ವಾರವಾರವೂ ಬರುತ್ತದೆ. ಎಣಿಕೆ ಏರಿದರೆ ಜಾಹೀರಾತಿನ ದರ ಏರುತ್ತದೆ. ಇಳಿದರೆ ಕಥೆಗೆ ಹೊಸ ತಿರುವು, ಇಲ್ಲವೆ ಕಥೆಯೇ ಮುಕ್ತಾಯ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಆದಕಾರಣ ನಾಯಕಿ ಬಾಗಿಲ ಹೊರಗೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುತ್ತಾಳೆ, ಉಳಿದರ್ಧ ನಾಳೆಗೆ. ಸತ್ಯ ಹೇಳಬೇಕೆಂದು ಬಾಯಿ ತೆರೆದವನಿಗೆ ಆಗಲೇ ಫೋನು ಬರುತ್ತದೆ.

ಗುಟ್ಟಿನ ಕಥೆ ನಮಗೆ ಹೊಸದೇನೂ ಅಲ್ಲ. ಮಹಾಭಾರತದ ಕುಂತಿ ಕರ್ಣನ ಹುಟ್ಟನ್ನು ಮುಚ್ಚಿಟ್ಟವಳು. ಕಣ್ಣೆದುರೇ ಮಗ ಅವಮಾನ ಉಂಡಾಗಲೂ ಬಾಯಿ ಬಿಡಲಿಲ್ಲ. ಹೇಳುವ ಹೊತ್ತಿಗೆ ರಣಭೇರಿ ಮೊಳಗುವುದರಲ್ಲಿತ್ತು; ಕರ್ಣನಿಗೆ ಹಿಂದಿರುಗುವ ದಾರಿಯಿರಲಿಲ್ಲ. ನಮ್ಮ ಆದಿಕವಿ ಪಂಪನಿಂದ ಇತ್ತೀಚಿನವರೆಗೂ ಕನ್ನಡದ ಕವಿಗಳು ಕರ್ಣನಿಗಾಗಿ ಮರುಗಿದ್ದಾರೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಮಹಾಕಾವ್ಯದಲ್ಲಿ ಮುಚ್ಚಿಟ್ಟ ಗುಟ್ಟಿಗೆ ಬೆಲೆ ತೆರಬೇಕಾಗುತ್ತದೆ. ತೆತ್ತ ಮೇಲೆ ಅದು ತಿರುಗಿ ಬಾರದು. ಧಾರಾವಾಹಿಯಲ್ಲಿ ಗುಟ್ಟು ಒಡೆದರೆ ಒಂದು ವಾರ ಕಣ್ಣೀರು. ಮುಂದಿನ ವಾರ ಮತ್ತೊಂದು ಗುಟ್ಟು. ನಿತ್ಯ ಇದನ್ನೇ ನೋಡುವ ಮನಸ್ಸಿಗೆ, ಮುಚ್ಚಿಡುವುದು ಸಂಸಾರದ ಸಹಜ ಧರ್ಮವೆಂಬ ಭ್ರಮೆ ಮೂಡುವುದುಂಟು.

ನಾನು ಕಂಡ ಒಂದು ಗುಟ್ಟು

ಇಲ್ಲಿ ನನ್ನದೇ ಒಂದು ತಪ್ಪನ್ನು ಓದುಗ ಬಂಧುಗಳ ಮುಂದೆ ಇಡಬೇಕಾಗಿದೆ. ಅನೇಕ ವರ್ಷಗಳ ಹಿಂದಿನ ಮಾತು. ನಮ್ಮ ಸಂಬಂಧಿಕರ ಪೈಕಿ ಒಬ್ಬ ಹೆಣ್ಣುಮಗಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗವಿತ್ತು. ವೈದ್ಯರು ಕೊಟ್ಟ ಗುಳಿಗೆಯಿಂದ ನಾಲ್ಕು ವರ್ಷ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಓದಿದವಳು, ಕೆಲಸವಂತೆ, ಗುಣವಂತೆ. ಒಳ್ಳೆಯ ಮನೆತನದಿಂದ ಕೇಳಿಕೊಂಡು ಬಂದರು. ಹಿರಿಯರು ಕೂಡಿ, "ಈಗ ಆರಾಮ ಅದಾಳಲ್ಲ, ಹೇಳಿ ಯಾಕ ಕೆಡಿಸ್ಬೇಕು" ಎಂದು ತೀರ್ಮಾನಿಸಿದರು. ಗಂಡಿನ ಕಾಕಾ ನನ್ನನ್ನೇ ಪಕ್ಕಕ್ಕೆ ಕರೆದು, "ಹುಡುಗಿಗಿ ಏನರೆ ತ್ರಾಸ ಅದ ಏನ್ರಿ?" ಎಂದು ಕೇಳಿದರು. ನಾನು "ಏನೂ ಇಲ್ರಿ" ಎಂದೆ. ಆ ಎರಡು ಮಾತು ನನ್ನ ನಾಲಿಗೆಯಿಂದ ಬಂದವು.

ಮದುವೆಯಾಯಿತು. ಗಂಡನ ಮನೆಯಲ್ಲಿ ಎಲ್ಲರೆದುರು ಗುಳಿಗೆ ನುಂಗುವಂತಿಲ್ಲ. ಸೀರೆಯ ಮಡಿಕೆಯಲ್ಲಿ, ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು. ಒಮ್ಮೆ ಅತ್ತೆಯ ಕಣ್ಣಿಗೆ ಬಿದ್ದಾಗ ತಲೆನೋವಿನದೆಂದು ಹೇಳಿದಳು. ಕೊನೆಗೆ ಅಂಜಿ ನಿಲ್ಲಿಸಿಯೇಬಿಟ್ಟಳು. ನಾಲ್ಕನೆಯ ತಿಂಗಳು, ರೊಟ್ಟಿ ಮಾಡುತ್ತಿರುವಾಗ ಒಲೆಯ ಮುಂದೆಯೇ ಮೂರ್ಛೆ ಬಂದು ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು.

ಗಂಡಿನ ಮನೆಯವರು ಬಂದು ಕುಳಿತರು. ಬೈಗುಳಕ್ಕೆ ಸಿದ್ಧರಾಗಿದ್ದ ನಮ್ಮ ಮುಂದೆ ಆ ಅತ್ತೆ ಆಡಿದ ಮಾತು ಇಷ್ಟೇ: "ಬ್ಯಾನಿ ಬಂದದ್ದಕ್ಕ ನಮಗ ಸಿಟ್ಟಿಲ್ಲ. ಹೇಳಲಾರದ್ದಕ್ಕ ಸಿಟ್ಟ. ಹೇಳಿದ್ರ ನಾವೇ ಗುಳಿಗಿ ಕೊಡ್ತಿದ್ದೆವಲ್ಲ, ಹುಡುಗಿ ಕೈ ಸುಡ್ತಿತ್ತೇನು?" ನಾನು ತಲೆ ತಗ್ಗಿಸಿ ಕುಳಿತಿದ್ದೆ. ಒಂದೂವರೆ ವರ್ಷ ಅವಳು ತವರಿನಲ್ಲಿ ಉಳಿದಳು. ಆಮೇಲೆ ಇಬ್ಬರನ್ನೂ ಕೂಡಿಸಿಕೊಂಡು ವೈದ್ಯರಲ್ಲಿಗೆ ಹೋಗಿ, ಎಲ್ಲವನ್ನೂ ಬಿಚ್ಚಿ ಮಾತಾಡಿದ ಮೇಲೆ, ಗಂಡನೇ ಬಂದು ಕರೆದುಕೊಂಡು ಹೋದ. ಇಂದು ಅವಳಿಗೆ ಒಬ್ಬ ಮಗನಿದ್ದಾನೆ. ಗುಳಿಗೆಯ ಡಬ್ಬಿ ಈಗ ಆ ಮನೆಯ ಗೂಡಿನಲ್ಲಿ, ವಿಭೂತಿ ಕರಡಿಗೆಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತದೆ.

ಮೊದಲೇ ಹೇಳಿದ್ದರೆ ಆ ಸಂಬಂಧ ಕೂಡುತ್ತಿತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಕೂಡದೆಯೂ ಹೋಗಬಹುದಿತ್ತು. ಆದರೆ ಆ ಕೈ ಸುಡುತ್ತಿರಲಿಲ್ಲ.

ಕಾಯಿದೆ ಮತ್ತು ವೈದ್ಯಕೀಯ ಹೇಳುವುದು

ಇಂಥ ಮನೆಗಳಿಗೆ ಉಪಯೋಗವಾದೀತೆಂದು ಕೆಲವು ಸಂಗತಿಗಳನ್ನು ತಿಳಿಸಬೇಕು. 1955ರ ಹಿಂದೂ ವಿವಾಹ ಕಾಯಿದೆ ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳುತ್ತದೆ. ಅದರ 12ನೆಯ ಕಲಮಿನ ಪ್ರಕಾರ, ವಧು ಅಥವಾ ವರನಿಗೆ ಸಂಬಂಧಿಸಿದ ಮಹತ್ವದ ಸಂಗತಿಯನ್ನು ಮರೆಮಾಚಿ ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ, ವಂಚನೆಗೊಳಗಾದವರು ಆ ಮದುವೆಯನ್ನು ರದ್ದುಪಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಿಳಿದ ಮೇಲೂ ಮನಸಾರೆ ಒಪ್ಪಿ ಸಂಸಾರ ನಡೆಸಿದ್ದರೆ ಆ ಹಕ್ಕು ಉಳಿಯದು. ಧಾರಾವಾಹಿಯಲ್ಲಿ ಕಣ್ಣೀರಿನಲ್ಲಿ ಕೊನೆಗೊಳ್ಳುವ ಗುಟ್ಟು ಮನೆಯಲ್ಲಿ ನ್ಯಾಯಾಲಯದ ಕಟ್ಟೆ ಹತ್ತಬಹುದು.

ಮೂರ್ಛೆ ರೋಗದ ವಿಷಯದಲ್ಲಿ ಇನ್ನೊಂದು ಮಾತು. 1976ರ ತಿದ್ದುಪಡಿಯಂತೆ ಪದೇ ಪದೇ ಮೂರ್ಛೆ ಬರುವವರು ಮದುವೆಗೆ ಅನರ್ಹರೆಂದು ಕಾಯಿದೆಯಲ್ಲಿಯೇ ಇತ್ತು. 1999ರಲ್ಲಿ ಆ ಶಬ್ದವನ್ನು ತೆಗೆದುಹಾಕಲಾಯಿತು. ಮೂರ್ಛೆ ರೋಗವಿರುವವರು ಕಾಯಿದೆಯ ದೃಷ್ಟಿಯಲ್ಲಿ ಇತರರಂತೆಯೇ ಮದುವೆಗೆ ಅರ್ಹರು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70ರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಆದರೆ ವೈದ್ಯರನ್ನು ಕೇಳದೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಅಂದಮೇಲೆ ಮುಚ್ಚಿಡಲು ಕಾರಣವಾವುದು? ಜನ ಏನೆಂದಾರೋ ಎಂಬ ಅಂಜಿಕೆಯೊಂದೇ.

ದತ್ತು ಮಕ್ಕಳ ಪ್ರಶ್ನೆಯೂ ಹೀಗೆಯೇ. ಮಗುವಿಗೆ ಸತ್ಯ ಹೇಳಿದರೆ ಪ್ರೀತಿ ಕಡಿಮೆಯಾದೀತೆಂದು ತಾಯಂದಿರು ಹೆದರುತ್ತಾರೆ. ಆದರೆ ಹದಿನೆಂಟು ತುಂಬಿದ ದತ್ತು ಮಕ್ಕಳು ತಮ್ಮ ಮೂಲವನ್ನು ತಿಳಿಯಲು ಅರ್ಜಿ ಸಲ್ಲಿಸುವುದಕ್ಕೆ 2022ರ ದತ್ತು ನಿಯಮಗಳಲ್ಲಿ ಅವಕಾಶವಿದೆ. ಮದುವೆ ಮಂಟಪದಲ್ಲಿ ಯಾರದೋ ಬಾಯಿಂದ ಕೇಳುವುದಕ್ಕಿಂತ, ಎಳವೆಯಲ್ಲಿ ತಾಯಿಯ ತೊಡೆಯ ಮೇಲೆ ಕುಳಿತು ಕೇಳುವುದು ಮಗುವಿಗೆ ಎಷ್ಟೋ ಲೇಸು.

ಮಕ್ಕಳ ಮನಸ್ಸಿನ ಮಾತು

ಪ್ರೇಮದ ತೊಡಕುಗಳ ಬಗ್ಗೆಯೂ ಎರಡು ಮಾತು. ಕಿರುತೆರೆಯಲ್ಲಿ ಸಿರಿವಂತನೂ ಬಡವಳೂ ಪ್ರೀತಿಸಿದರೆ ಮನೆಮಂದಿಯೆಲ್ಲ ಅವರ ಪರವಾಗಿ ಹರಸುತ್ತೇವೆ. ಅದೇ ನಮ್ಮ ಮಗಳು ಮನಸ್ಸಿನ ಮಾತು ಹೇಳಲು ಬಂದರೆ ಬಾಗಿಲು ಹಾಕುತ್ತೇವೆ. ಹೇಳಲು ಎಡೆಯಿಲ್ಲದ ಮನೆಯಲ್ಲಿ ಮಕ್ಕಳು ಸುಳ್ಳು ಕಲಿಯುತ್ತಾರೆ. ಎಲ್ಲವನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಹುಡುಗನ ನಡತೆ, ದುಡಿಮೆ, ಮನೆತನಗಳನ್ನು ವಿಚಾರಿಸುವುದು ಹಿರಿಯರ ಕರ್ತವ್ಯ. ಆದರೆ ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ವಿಚಾರಿಸಬೇಕು.

ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದ ನೆಲವನ್ನು ಇಲ್ಲಿ ನೆನೆಯದಿರಲಾಗದು. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ ಕದ್ದುಮುಚ್ಚಿ ನಡೆದುದಲ್ಲ. ಅದಕ್ಕೆ ಇಬ್ಬರು ತಂದೆಯರೂ ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ಬಚ್ಚಿಟ್ಟಿದ್ದರೆ ಬದುಕುತ್ತಿದ್ದರೇನೋ. ಆದರೆ ಎಂಟುನೂರು ವರ್ಷಗಳಾದರೂ ನಾವು ಆ ಮನೆಗಳ ಹೆಸರು ಹೇಳಿ ಕೈ ಮುಗಿಯುವುದು ಅವರು ನಂಬಿದ್ದನ್ನು ಬಯಲಲ್ಲಿ ಮಾಡಿದರೆಂಬುದಕ್ಕಾಗಿ. ಅಷ್ಟು ದೊಡ್ಡ ಬೆಲೆಯನ್ನು ನಮ್ಮಿಂದ ಇಂದು ಯಾರೂ ಕೇಳುತ್ತಿಲ್ಲ. ಗಂಡು ಹೆಣ್ಣು ನೋಡುವ ದಿನ ಇದ್ದದ್ದನ್ನು ಇದ್ದಂತೆ ಹೇಳುವ ಧೈರ್ಯವೊಂದು ಸಾಕು.

ಧಾರಾವಾಹಿ ನೋಡಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ದಿನವಿಡೀ ಹೊಲ, ಮನೆ ಎಂದು ದುಡಿದ ಜೀವಕ್ಕೆ ಅರ್ಧ ಗಂಟೆಯ ಕಥೆ ಒಂದು ಆಸರೆ. ನೋಡೋಣ, ಆದರೆ ಮುಗಿದ ಮೇಲೆ ಐದು ನಿಮಿಷ ಮಾತಾಡೋಣ. 'ಅವನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು?' ಎಂದು ಮಕ್ಕಳನ್ನು ಕೇಳೋಣ. ಅವರ ಉತ್ತರದಲ್ಲಿ ಅವರ ಮನಸ್ಸೂ ಕಂಡೀತು. ಸಂಬಂಧ ನೋಡುವಾಗ ರೋಗ, ಸಾಲ, ಹಿಂದಿನ ನಿಶ್ಚಯ, ಓದು, ವಯಸ್ಸು ಇವುಗಳ ವಿಷಯದಲ್ಲಿ ಎರಡೂ ಕಡೆಯ ಹಿರಿಯರು ಮುಖಾಮುಖಿ ಕುಳಿತು ನಿಜ ಹೇಳೋಣ. ಕೇಳಿದವರು ಆ ಮಾತನ್ನು ಊರೆಲ್ಲ ಹಬ್ಬಿಸದಿರುವುದೂ ಅಷ್ಟೇ ದೊಡ್ಡ ಧರ್ಮ. ಹೇಳಿದವರ ಮಾನ ಉಳಿದರೆ ಮಾತ್ರ ಮುಂದಿನವರಿಗೆ ಹೇಳುವ ಧೈರ್ಯ ಬರುತ್ತದೆ.

ಮೆಹಕರದ ಆ ರಾತ್ರಿ ಊಟವಾದ ಮೇಲೆ ಅಜ್ಜಿಯ ಮುಂದೆ ನಾನು ಸುಟ್ಟ ಕೈಯ ಕಥೆಯನ್ನೂ ನನ್ನ ತಪ್ಪನ್ನೂ ಹೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಟೀವ್ಯಾಗ ಗುಟ್ಟ ಇದ್ರ ಕತಿ ನಡೀತದ. ಮನ್ಯಾಗ ಗುಟ್ಟ ಇದ್ರ ಮನಿ ನಡ್ಯಂಗಿಲ್ಲ" ಎಂದರು. ಪಕ್ಕದಲ್ಲಿದ್ದ ಮೊಮ್ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಮ್ಮತ್ತ ನೋಡಿದಳು. ಬಳಿಕ ಕೈ ಒರೆಸಿಕೊಂಡು ಬಂದು, "ಆಯಿ, ನಿನಗೊಂದು ಮಾತು ಹೇಳೋದದ" ಎಂದು ಅಜ್ಜಿಯ ಹತ್ತಿರ ಕುಳಿತಳು. ನಾನು ಎದ್ದು ಅಂಗಳಕ್ಕೆ ಬಂದೆ. ಅವಳು ಏನು ಹೇಳಿದಳೆಂಬುದು ನನಗೆ ತಿಳಿಯದು; ತಿಳಿಯುವ ಅಗತ್ಯವೂ ಇಲ್ಲ. ಆ ಮನೆಯಲ್ಲಿ ಹೇಳುವುದಕ್ಕೆ ಒಬ್ಬರಿದ್ದಾರೆ ಎಂಬುದಷ್ಟೇ ಸಾಕು.